ನನಗೆ ಎರಡು, ನಿನಗೆ ಎಂಟು

ಮನೆಯಿಂದ, ಹಿಂದಿನ ಕೋಣೆಯ ಕಿಟಕಿ ಪಕ್ಕ
ಭಾನುವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ ಮೂರು ದಾಟಿದೆ

ಪ್ರೀತಿಯ ಗುಬ್ಬಿ,

ಇಲ್ಲ ಅಂದೆನಲ್ಲ, ಅದು ಸುಳ್ಳು. ನಿನ್ನೆ ಫೋನಿನಲ್ಲಿ ನೀನು "ಪುಸ್ತಕ ತೆರೆದೆಯಾ?" ಅಂತ ಕೇಳಿದಾಗ ಬಾಯಿಗೆ ಮೊದಲು ಬಂದದ್ದು ಇಲ್ಲ ಅನ್ನುವ ಮಾತು. ತೆರೆದು ಹದಿನೆಂಟು ದಿನ ಆಗಿದೆ. ಹತ್ತು ತಿಂಗಳಾದ ಮೇಲೆ ನಿನ್ನ ಧ್ವನಿ ಕೇಳಿ ನಾಲಿಗೆ ತಡವರಿಸಿತು ಅಂತ ಇಟ್ಟುಕೋ. ನೀನು "ಸರಿ" ಅಂದೆ, ಫೋನ್ ಇಟ್ಟೆ. ನಿಮ್ಮಮ್ಮನ ಹುಟ್ಟಿದ ದಿನ ಅಂತ ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೆ ಮೊದಲು ಇಬ್ಬರೂ ಹವಾಮಾನದ ಮಾತಾಡಿದ್ದೆವು, ಅಷ್ಟೇ. ಆಮೇಲೆ ಇಡೀ ಸಂಜೆ ಆ ಅರ್ಧ ಮಾತನ್ನೇ ಮನಸ್ಸಿನಲ್ಲಿ ಮುಂದುವರಿಸುತ್ತಾ ಕೂತೆ. ಮನಸ್ಸಿನಲ್ಲಿ ಆಡಿದ್ದು ನಿನಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಈ ಕಾಗದ.

ಮೊದಲು ನಿನ್ನ ಆರೋಗ್ಯ. ನಿನ್ನೆ ಎರಡು ಸಲ ಕೆಮ್ಮಿದೆ, ಲೆಕ್ಕ ಇಟ್ಟಿದ್ದೇನೆ. ವಾರ್ಡಿನಲ್ಲಿ ಹಗಲಿಡೀ ನಿಂತು ಕಾಲು ಊದಿಕೊಳ್ಳುತ್ತಿತ್ತಲ್ಲ, ಅದು ಕಡಿಮೆಯಾಯಿತೇ? ಊರಿಗೆಲ್ಲ ಮಾತ್ರೆ ನುಂಗಿಸುವ ನರ್ಸಮ್ಮ ತನಗೆ ಜ್ವರ ಬಂದರೆ ಯಾರಿಗೂ ಹೇಳದೆ ಮುಸುಕು ಹಾಕಿಕೊಂಡು ಮಲಗುವವಳು ಅಂತ ನನಗೆ ಗೊತ್ತು. ಆ ಗುಣ ಎಲ್ಲಿಂದ ಬಂತು ಅನ್ನುವುದೂ ಈಗ ಗೊತ್ತಾಗಿದೆ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ, ನಿದ್ದೆ ಬರುತ್ತದೆ, ಮೈಕೈ ನೋವು ಅಂತ ಏನೂ ಇಲ್ಲ. ಕ್ಲಿನಿಕ್ಕಿಗೆ ಹೋಗುವುದು ನಿಂತಿದೆ, ಅದರ ವಿಷಯ ಮುಂದೆ ಬರೆಯುತ್ತೇನೆ.

ಆ ಪುಸ್ತಕ. ನಿಮ್ಮಮ್ಮ ಹೋದ ಮೂರನೇ ದಿನ ನೀನು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು, ಊಟದ ಮೇಜಿನ ಮೇಲೆ ಅದನ್ನು ಇಟ್ಟೆ. ಕಂದು ರಟ್ಟು, ಸುತ್ತ ರಬ್ಬರ್ ಬ್ಯಾಂಡು. "ಓದು. ನಿನ್ನ ಕಾರ್ಡ್ ಪಕ್ಕದಲ್ಲಿ ಇಟ್ಟುಕೊಂಡು ಓದು" ಅಂದೆ. ಅಷ್ಟೇ ಅಂದದ್ದು. ಬಾಗಿಲು ಹಾಕಿಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ; ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು, ನೀನು ಮಲಗಿದ ಮಗುವನ್ನು ಎಬ್ಬಿಸಬಾರದು ಅನ್ನುವ ಹಾಗೆ ಮೆಲ್ಲಗೆ ಹಾಕಿದೆ. ಪುಸ್ತಕವನ್ನು ನಾನು ನಿಮ್ಮಮ್ಮನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿ, ದಾರ, ಅಳತೆ ಟೇಪಿನ ಕೆಳಗೆ ಹೂತಿಟ್ಟೆ. ಹೆದರಿಕೆ ಮಗಳೇ. ಅರವತ್ತೇಳು ವರ್ಷದ ಗಂಡಸಿಗೆ ಒಂದು ನೋಟ್‌ಬುಕ್ ಕಂಡರೆ ಹೆದರಿಕೆ.

ಈಗ ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರಪಡಬೇಡ, ಯಾಕೆಂದರೆ ನಿನಗೆ ಗೊತ್ತಿಲ್ಲದ್ದು ಅದರ ಮಧ್ಯದಲ್ಲೇ ಅವಿತು ಕೂತಿದೆ. ದೊಡ್ಡ ಡಾಕ್ಟರ ಹೋಮಿಯೋಪತಿ ಕ್ಲಿನಿಕ್ಕಿನಲ್ಲಿ ನಾನು ನಲವತ್ತು ವರ್ಷ ಕಾಂಪೌಂಡರ್. ಸಕ್ಕರೆ ಗುಳಿಗೆ ಬಾಟಲಿಗೆ ತುಂಬುವುದು, ಔಷಧದ ಹನಿ ಬಿಡುವುದು, ಬಿರಡೆ ಒತ್ತಿ ಅಂಗೈ ಮೇಲೆ ಕುಟ್ಟಿ ಕುಲುಕುವುದು, ಚೀಟಿ ಅಂಟಿಸುವುದು. ಬಲ ಅಂಗೈಯಲ್ಲಿ ಈಗಲೂ ನಾಣ್ಯದಷ್ಟು ಅಗಲ ಚರ್ಮ ದಪ್ಪಗಿದೆ. ಮೆಡಿಕಲ್ ಕಾಲೇಜಿನವರು ಬಂದು, ನಿಮ್ಮ ಮಂಡಿ ನೋವಿನ ಔಷಧವನ್ನು ನಾವು ಫೇರ್ ಅಂಡ್ ಸ್ಕ್ವೇರ್ ಆಗಿ ಪರೀಕ್ಷೆ ಮಾಡುತ್ತೇವೆ, ಒಪ್ಪಿಗೆಯೇ ಅಂತ ಕೇಳಿದಾಗ ದೊಡ್ಡ ಡಾಕ್ಟರು ಒಂದು ಕ್ಷಣವೂ ಯೋಚಿಸಲಿಲ್ಲ. "ಚಿನ್ನಕ್ಕೆ ಒರೆಗಲ್ಲು ಕಂಡರೆ ಭಯವೇನಯ್ಯಾ?" ಅಂದರು. ಎಂಬತ್ತು ಜನ ರೋಗಿಗಳು, ನೂರ ಅರವತ್ತೆಂಟು ದಿನ. ಅರ್ಧ ಜನಕ್ಕೆ ನಿಜವಾದ ಔಷಧ, ಅರ್ಧ ಜನಕ್ಕೆ ಬರೀ ಸ್ಪಿರಿಟ್ಟಿನಲ್ಲಿ ನೆನೆಸಿದ ಖಾಲಿ ಗುಳಿಗೆ. ಯಾವುದು ಯಾರಿಗೆ ಅನ್ನುವ ಪಟ್ಟಿ ಕಾಲೇಜಿನ ಬೀರುವಿನಲ್ಲಿ, ಬೀಗದೊಳಗೆ. ಬಾಟಲಿಯ ಮೇಲೆ ನಂಬರು ಮಾತ್ರ. ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಇದಕ್ಕೆ ಡಬಲ್ ಬ್ಲೈಂಡ್ ಅನ್ನುತ್ತಾರೆ, ಎರಡು ಕಡೆಯೂ ಕುರುಡು ಅಂತ ನಾನು ಮನೆಗೆ ಬಂದು ದೊಡ್ಡಸ್ತಿಕೆಯಿಂದ ವಿವರಿಸಿದರೆ ನಿಮ್ಮಮ್ಮ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಾ, "ಅದಕ್ಕೆ ಕಾಲೇಜಿನವರು ಯಾಕೆ ಬೇಕಿತ್ತು, ನಮ್ಮ ಮನೇಲಿ ಆಗಲೇ ಇಬ್ಬರು ಇದ್ದೀವಲ್ಲ" ಅಂದಳು. ನಕ್ಕಿದ್ದೇ ನಕ್ಕಿದ್ದು.

ಅವಳಿಗೂ ಮಂಡಿ ನೋವಿತ್ತು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರ ಮನೆಯವರು ಈ ಪರೀಕ್ಷೆಯಲ್ಲಿ ಇರಬಾರದು ಅಂತ ನಿಯಮ ಇತ್ತು, ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ. ನಾನು ಏನು ಮಾಡಿದೆ ಗೊತ್ತಲ್ಲ. ನಿನ್ನ ದೊಡ್ಡಮ್ಮನ ಮನೆ ವಿಳಾಸ ಬರೆದು, ತೌರಿನ ಹೆಸರು ಹಾಕಿ ಅವಳನ್ನು ಸೇರಿಸಿದೆ. ಮೂವತ್ತೇಳನೇ ನಂಬರು. ನಮ್ಮ ಔಷಧ ಗೆಲ್ಲುವುದೇ ಗೆಲ್ಲುವುದು, ಗೆಲ್ಲುವ ಕುದುರೆಯ ಮೇಲೆ ನನ್ನ ಹೆಂಡತಿಯೂ ಕೂರಲಿ ಅನ್ನುವ ಆಸೆ. ಹದಿನೈದು ದಿನಕ್ಕೊಮ್ಮೆ ಅವಳು ಸಾಲಿನಲ್ಲಿ ನಿಂತು ನನ್ನ ಕಿಟಕಿಗೆ ಬರುತ್ತಿದ್ದಳು, ಅಪರಿಚಿತಳ ಹಾಗೆ. "ಕಾಂಪೌಂಡರೇ, ನನ್ನ ಬಾಟಲಿ" ಅನ್ನುವಳು. ನಾನು ತಲೆ ಎತ್ತದೆ "ನಂಬರ್?" ಅನ್ನುವೆ. "ಮೂವತ್ತೇಳು. ಸ್ವಲ್ಪ ಬೇಗ ಕೊಡಿ, ಮನೇಲಿ ಗಂಡ ಕಾಯ್ತಿರ್ತಾರೆ, ತುಂಬಾ ಮುಂಗೋಪಿ." ಹಿಂದೆ ನಿಂತಿದ್ದ ದರ್ಜಿ, ಮೂವತ್ತೆಂಟನೇ ನಂಬರಿನವನು, "ಅಂಥ ಗಂಡನಿಗೂ ಒಂದು ಬಾಟಲಿ ಕೊಡಿ ಕಾಂಪೌಂಡರೇ" ಅನ್ನುವನು. ಬೇಕಂತಲೇ ಬೇರೆ ರಸ್ತೆಯಿಂದ ಮನೆಗೆ ಹೋಗುವಳು, ಯಾರಿಗೂ ಅನುಮಾನ ಬರದಿರಲಿ ಅಂತ. ಬೇರೆ ರಸ್ತೆ ಅಂದರೆ ಇನ್ನೂರು ಹೆಜ್ಜೆ ಜಾಸ್ತಿ, ಒಂದು ಏರು ಬೇರೆ. ಆಗ ಅದೂ ನಮಗೆ ಆಟವಾಗಿತ್ತು.

ನಿನಗೆ ಗೊತ್ತಿಲ್ಲದ್ದು ಇಲ್ಲಿಂದ ಶುರು. ಮೊದಲ ಬಾಟಲಿಗಳು ಬಂದ ದಿನ ನಾನು ಒಬ್ಬನೇ ಕೂತು ಮೂವತ್ತೇಳರ ಬಿರಡೆ ತೆಗೆದು ಮೂಸಿದೆ. ನಲವತ್ತು ವರ್ಷದ ಮೂಗು, ಔಷಧ ಇದ್ದ ಗುಳಿಗೆಗೂ ಇಲ್ಲದ್ದಕ್ಕೂ ವ್ಯತ್ಯಾಸ ನನಗೆ ತಿಳಿಯುತ್ತದೆ ಅಂತ ಜಂಬ. ಅದು ಖಾಲಿ ಅನಿಸಿತು. ಪಕ್ಕದ ಮೂವತ್ತೆಂಟು ಮೂಸಿದೆ, ಆಹಾ, ಇದು ನಿಜವಾದ್ದು. ಟೀ ಕೆಟಲ್ಲಿನ ಆವಿಗೆ ಹಿಡಿದರೆ ಚೀಟಿ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಎರಡೂ ಚೀಟಿ ಬಿಚ್ಚಿ ಅದಲುಬದಲು ಅಂಟಿಸಿದೆ. ಆಮೇಲೆ ಪ್ರತಿ ಹದಿನೈದು ದಿನಕ್ಕೂ ಹಾಗೇ. ದರ್ಜಿಯ ಪಾಲಿನದನ್ನು ನಿಮ್ಮಮ್ಮನಿಗೆ, ನಿಮ್ಮಮ್ಮನ ಪಾಲಿನದನ್ನು ದರ್ಜಿಗೆ. ಕದ್ದೆ ಅಂತ ಅನಿಸಲೇ ಇಲ್ಲ, ನೋಡು. ನಿಮ್ಮಮ್ಮನಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ದರ್ಜಿಯ ಮನೆಗೇ ನಡೆದುಕೊಂಡು ಹೋಗಿ ಬಾಟಲಿ ವಾಪಸ್ ಕೊಟ್ಟು ಬರುತ್ತಿದ್ದಳು.

ಕಾರ್ಡಿನ ವಿಷಯ ನೀನು ನೋಡಿದ್ದೀಯ. ಪ್ರತಿ ಸಂಜೆ ನೋವು ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಬೇಕು. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾರೆ. ಅವಳು ಕನ್ನಡಕ ಹುಡುಕುತ್ತಾ ಕೂತರೆ ನಾನೇ ಪೆನ್ನು ತೆಗೆದುಕೊಂಡು "ಎಷ್ಟು ಮಾರ್ಕ್ಸು?" ಅಂತ ಕೇಳಿ ಬರೆಯುತ್ತಿದ್ದೆ. ಅದೂ ತಪ್ಪೇ, ರೋಗಿಯೇ ಬರೆಯಬೇಕು. ಏಳು ಗಂಟೆಗೆ ಕಾರ್ಡು. ಆಮೇಲೆ ನಾನು ಚಪ್ಪಲಿ ಮೆಟ್ಟಿಕೊಂಡು ಬ್ರೆಡ್ಡು ತರಲು ಹೋಗುವುದು. ನಾನು ಆಚೆ ಹೋದ ಮೇಲೆ, ಏಳೂ ಕಾಲಿಗೆ, ನೀನು ಫೋನ್ ಮಾಡುತ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಅದೇ ಪ್ರಶ್ನೆ ನೀನೂ ಕೇಳುತ್ತಿದ್ದೆ ಅಂತ ಗೊತ್ತಿರಲಿಲ್ಲ.

ನೀನು ಮನೆಗೆ ಬಂದು, "ಅಪ್ಪಾ, ಇದು ಮಂಡಿ ನೋವಲ್ಲ, ಸೊಂಟಕ್ಕೆ ಬಂದಿದೆ, ಬೆನ್ನಿಗೆ ಬಂದಿದೆ, ಒಂದು ಸ್ಕ್ಯಾನ್ ಮಾಡಿಸೋಣ" ಅಂದ ದಿನ ನೆನಪಿದೆ. ಮೂರನೇ ತಿಂಗಳು. ನಾನು ಕಾರ್ಡು ತಂದು ನಿನ್ನ ಮುಖದ ಮುಂದೆ ಹಿಡಿದೆ. "ಇಲ್ನೋಡಮ್ಮಾ ಡಾಕ್ಟರಮ್ಮ, ಆರರಿಂದ ಎರಡಕ್ಕೆ ಇಳಿದಿದೆ. ಇನ್ ಬ್ಲ್ಯಾಕ್ ಅಂಡ್ ವೈಟ್. ಸೂಜಿ ಚುಚ್ಚೋದು ಕಲಿತ ಮಾತ್ರಕ್ಕೆ ಎಲ್ಲಾ ಗೊತ್ತು ಅಂದ್ಕೋಬೇಡ" ಅಂದೆ. ಅಡುಗೆಮನೆಯಿಂದ ನಿಮ್ಮಮ್ಮ, "ಅಪ್ಪನ ಪರೀಕ್ಷೆ ಮುಗೀಲಿ ಬಿಡೇ, ಆಮೇಲೆ ನಿನ್ನ ಸ್ಕ್ಯಾನಿಗೆ ಬರ್ತೀನಿ" ಅಂದಳು. ಅಪ್ಪನ ಪರೀಕ್ಷೆ ಅಂದಳು ನೋಡು. ಔಷಧದ ಪರೀಕ್ಷೆ ಅಲ್ಲ. ನೀನು ಅವಳನ್ನೇ ನೋಡುತ್ತಾ ನಿಂತೆ. ನಾನು ಗೆದ್ದೆ ಅಂದುಕೊಂಡು ಟೀ ಕುಡಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಪರೀಕ್ಷೆ ಮುಗಿದ ನಾಲ್ಕನೇ ದಿನ ಸ್ಕ್ಯಾನು. ಮೂಳೆಯೊಳಗೆಲ್ಲ ಹರಡಿತ್ತು. ಮುಂದಿನ ಏಳು ವಾರ ನಿನಗೂ ಗೊತ್ತು, ನನಗೂ ಗೊತ್ತು, ಬರೆಯಲಾರೆ. ಆಸ್ಪತ್ರೆಯ ಆ ಡಾಕ್ಟರು ಒಂದು ಮಾತು ಹೇಳಿದರಲ್ಲ, "ಆರು ತಿಂಗಳು ಮೊದಲು ಬಂದಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ಇಷ್ಟು ನೋವು ತಿನ್ನಬೇಕಿರಲಿಲ್ಲ" ಅಂತ. ಮೊದಲ ಅರ್ಧವನ್ನು ನಾನು ಎಷ್ಟೋ ತಿಂಗಳು ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗಿದೆ. ಎರಡನೇ ಅರ್ಧ ಕೇಳಿಸಿಕೊಳ್ಳಲೇ ಇಲ್ಲ.

ಹೋದ ತಿಂಗಳು ಕಾಲೇಜಿನಲ್ಲಿ ಬೀರುವಿನ ಬೀಗ ತೆಗೆದರು. ದೊಡ್ಡ ಡಾಕ್ಟರು, ನಾನು, ಲೆಕ್ಕದ ಮೇಡಂ. ಲೆಕ್ಕದ ಮೇಡಂ ಅಂದರೆ ಇಡೀ ಪರೀಕ್ಷೆಯ ಅಂಕಿ ಅಂಶ ನೋಡುವವರು. ಗಿಡ್ಡ ಕೂದಲು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್ಲು. ಎರಡು ಗೆರೆ ಇದ್ದ ಒಂದು ಹಾಳೆ ತೋರಿಸಿದರು. ಔಷಧ ತಿಂದವರದ್ದು ಒಂದು, ಖಾಲಿ ಗುಳಿಗೆ ತಿಂದವರದ್ದು ಇನ್ನೊಂದು. ಎರಡೂ ಗೆರೆ ಅವಳಿ ಮಕ್ಕಳ ಹಾಗೆ ಕೈ ಕೈ ಹಿಡಿದುಕೊಂಡು ಕೆಳಗೆ ಇಳಿದಿದ್ದವು. ಎಲ್ಲರಿಗೂ ನೋವು ಕಡಿಮೆಯಾಗಿದೆ, ಔಷಧದಿಂದ ಅಂತ ಹೇಳುವ ಹಾಗಿಲ್ಲ. ದೊಡ್ಡ ಡಾಕ್ಟರು ಆ ಹಾಳೆಯನ್ನು ನನ್ನ ಕಡೆ ತಳ್ಳಿದರು. "ಹಾಗಾದರೆ ನಲವತ್ತು ವರ್ಷ ನಾವು ಏನು ಮಾಡಿದ್ದಯ್ಯಾ?" ಅಂದರು, ನನ್ನನ್ನು. ನನ್ನ ಕಣ್ಣು ಪಟ್ಟಿಯ ಮೇಲಿತ್ತು. ಮೂವತ್ತೇಳು: ಔಷಧ. ಮೂವತ್ತೆಂಟು: ಖಾಲಿ. ಅಂದರೆ ಅವಳ ಪಾಲಿಗೆ ಬಂದದ್ದು ನಿಜವಾದ್ದೇ ಆಗಿತ್ತು, ನಾನು ಅದನ್ನು ಕೈಯಾರೆ ಕಿತ್ತು ದರ್ಜಿಗೆ ಕೊಟ್ಟು, ಅವನ ಖಾಲಿ ಗುಳಿಗೆಯನ್ನು ಅವಳ ನಾಲಿಗೆಯ ಮೇಲೆ ಇಟ್ಟಿದ್ದೆ. ನಲವತ್ತು ವರ್ಷದ ಮೂಗು! ಅದರಿಂದ ವ್ಯತ್ಯಾಸ ಏನೂ ಆಗುತ್ತಿರಲಿಲ್ಲ ಅನ್ನುವುದೂ ಅದೇ ಹಾಳೆಯಲ್ಲಿ ಬರೆದಿತ್ತು. ಆದರೂ ಮಗಳೇ, ಖಾಲಿ ಗುಳಿಗೆ ತಿಂದು ಆರರಿಂದ ಒಂದಕ್ಕೆ ಇಳಿಯಿತು ಅಂದರೆ ಹೇಗೆ? ಮೂಳೆಯೊಳಗೆ ಅದು ಬೆಳೆಯುತ್ತಿರುವಾಗ ನೋವು ಇಳಿಯುವುದು ಹೇಗೆ? ಇದು ಕೇಳಬೇಕಾದ ಪ್ರಶ್ನೆ ಅಂತ ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು. ಅವತ್ತು ಮನೆಗೆ ಬಂದವನೇ ಡ್ರಾಯರು ಎಳೆದೆ.

ನಿನ್ನ ಪುಸ್ತಕ ಎಡಗಡೆ, ನನ್ನ ಕಾರ್ಡುಗಳ ನಕಲು ಬಲಗಡೆ. ಲೆಕ್ಕದ ಮೇಡಂ ಮಾಡುವ ಹಾಗೆ ಸ್ಕೇಲಿಟ್ಟು ಗೆರೆ ಎಳೆದು ಎರಡು ಕಾಲಂ ಮಾಡಿದೆ. ಮೊದಲ ದಿನ ನನಗೆ ಆರು, ನಿನಗೆ ಆರು. ಮೂರು ವಾರ ಹೀಗೇ, ಒಂದು ಅಂಕಿ ಆಚೆ ಈಚೆ. ಇಪ್ಪತ್ತೆರಡನೇ ದಿನ ಇಬ್ಬರಿಗೂ ಐದು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಐದು ಅಂದಾಗ ನಾನು ಕುರ್ಚಿಯಿಂದ ಎದ್ದು, "ಇಳೀತು ನೋಡಿದ್ಯಾ! ನಾನು ಹೇಳಲಿಲ್ವಾ!" ಅಂತ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೇ ಬಿಟ್ಟೆ. ಬ್ರೆಡ್ಡಿನ ಜೊತೆ ಕೇಕು ತಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ದಿನದ ಮೇಲೆ ನನ್ನ ಕಾಲಂನಲ್ಲಿ ಅಂಕಿ ಒಂದು ಸಲವೂ ಏರಲಿಲ್ಲ, ಗುಬ್ಬಿ. ನಿನ್ನದರಲ್ಲಿ ಒಂದು ಸಲವೂ ಇಳಿಯಲಿಲ್ಲ. ಐವತ್ತನೇ ದಿನ ನನಗೆ ನಾಲ್ಕು, ನಿನಗೆ ಏಳು. ತೊಂಬತ್ತೊಂದನೇ ದಿನ ನನಗೆ ಎರಡು, ನಿನಗೆ ಎಂಟು. ಅದೇ ಹೆಂಗಸು, ಅದೇ ಕುರ್ಚಿ, ಹದಿನೈದು ನಿಮಿಷದ ಅಂತರ. ಪರೀಕ್ಷೆಯ ಕೊನೆಯ ವಾರ, ನನಗೆ ಜ್ವರ ಬಂದು ಮಲಗಿದ್ದಾಗ, ನನ್ನ ಕಾಲಂನಲ್ಲಿ ಒಂದು. ರೋಗಿಯ ಪಕ್ಕ ಕೂತು ತಣ್ಣೀರು ಬಟ್ಟೆ ಹಾಕುವವಳಿಗೆ ನೋವಿರಬಾರದಲ್ಲ. ನಿನ್ನದರಲ್ಲಿ ಒಂಬತ್ತು; ನನಗೆ ನಿದ್ದೆ ಹತ್ತಿದ ಮೇಲೆ ನಿನಗೆ ಹೇಳಿರಬೇಕು. ಅವಳು ನೋವು ನೋಡಿ ಅಂಕಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದಳು. ಕಾಲೇಜಿನಲ್ಲಿ ಎರಡು ವರ್ಷ ಓದಿದ ಇಂಗ್ಲಿಷಿನಲ್ಲಿ ಒಂದು ಗಾದೆ ಇತ್ತು, ಸೀಯಿಂಗ್ ಈಸ್ ಬಿಲೀವಿಂಗ್ ಅಂತಲೋ ಬಿಲೀವಿಂಗ್ ಈಸ್ ಸೀಯಿಂಗ್ ಅಂತಲೋ, ಯಾವುದು ಮೊದಲು ಅನ್ನುವುದು ಮರೆತಿದೆ. ಅವಳು ಸಾಲಿನಲ್ಲಿ ಕುಂಟುತ್ತಾ ಬರುವುದು ಕಿಟಕಿಯಿಂದ ಕಾಣುತ್ತಿತ್ತು. ಮೊದಮೊದಲು ಕೊಡೆಯನ್ನು ಕೈಯಲ್ಲಿ ಹಿಡಿದು ಬರುತ್ತಿದ್ದವಳು ಕೊನೆ ಕೊನೆಗೆ ಅದನ್ನು ನೆಲಕ್ಕೆ ಊರಿಕೊಂಡು ಬರುತ್ತಿದ್ದಳು, ಮೋಡವಿಲ್ಲದ ದಿನವೂ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರಲ್ಲ. ನಾನು ಕನ್ನಡಿಯನ್ನೇ ನೋಡಿದೆ, ಅಂಗೈ ನೋಡಲಿಲ್ಲ. ಕಾರ್ಡು ತೆಗೆದುಕೊಂಡು "ಎರಡು, ವೆರಿ ಗುಡ್" ಅಂದೆ.

ಇಷ್ಟು ನನ್ನ ಪಾಪ. ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ನಿನ್ನ ಪುಸ್ತಕದಲ್ಲಿ ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದದ್ದೂ ಇದೆಯಲ್ಲ, ನಾನು ಅದನ್ನೂ ಓದಿದೆ. ನೂರ ಹದಿನೇಳನೇ ದಿನ: "ಅಮ್ಮ ಅತ್ತಳು. ಅಪ್ಪನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಳು. ಇನ್ನು ಐವತ್ತೊಂದು ದಿನ." ನೂರ ಇಪ್ಪತ್ತನೇ ದಿನ: "ನಾಳೆ ಹೇಳ್ತೀನಿ." ಮಾರನೇ ದಿನ: "ಹೇಳಲಿಲ್ಲ." ಮತ್ತೆ ಒಂದು ವಾರ ಬಿಟ್ಟು: "ಹೇಳಲಿಲ್ಲ." ಆ ಒಂದು ಪದ ಏಳು ಕಡೆ ಇದೆ. ಕೊನೆಯದು ನೂರ ಅರವತ್ತನೇ ದಿನದ್ದು, ಪೆನ್ನು ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದೀಯ. ಹತ್ತು ತಿಂಗಳು ನಾನು ಏನಂದುಕೊಂಡಿದ್ದೆ ಗೊತ್ತೇ? ನನ್ನ ಮುಖ ನೋಡಲು ನಿನಗೆ ಅಸಹ್ಯ, ಅದಕ್ಕೆ ಬರುವುದಿಲ್ಲ ಅಂತ. ಆ ಏಳು ಕಡೆ ಓದಿದ ಮೇಲೆ ಬೇರೆ ಅರ್ಥವಾಯಿತು. ನಿನಗೆ ನೋಡಲಾಗದ್ದು ನಿನ್ನ ಮುಖವನ್ನೇ. ನೀನು ಈ ಪುಸ್ತಕವನ್ನು ನನ್ನ ಮೇಲೆ ಎಸೆಯಲಿಲ್ಲ, ನಿನ್ನ ತಪ್ಪೊಪ್ಪಿಗೆಯನ್ನು ನನ್ನ ಮುಂದೆ ಇಟ್ಟು ಹೋದೆ. ನಾನು ಅದನ್ನು ಗುಂಡಿ ದಾರದ ಕೆಳಗೆ ಹೂತಿಟ್ಟೆ. ಹತ್ತು ತಿಂಗಳು ನೀನು ಉತ್ತರಕ್ಕೆ ಕಾದಿರಬೇಕು.

ಉತ್ತರ ಇಗೋ. ನೀನು ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಇದು ಸಮಾಧಾನದ ಮಾತಲ್ಲ. ಮೂರನೇ ತಿಂಗಳಲ್ಲಿ ನೀನು ಹೇಳಿಯೇ ಹೇಳಿದೆ, ನಾನು ಕಾರ್ಡು ಹಿಡಿದು ನಿನ್ನ ಬಾಯಿ ಮುಚ್ಚಿಸಿದೆ. ಒಂಬತ್ತು ಅಂತ ಬರೆದ ನಿನ್ನ ಪುಸ್ತಕವನ್ನು ತಂದು ತೋರಿಸಿದ್ದರೆ, ಇವಳು ಬೇಕಂತಲೇ ಬರೆದದ್ದು ಅನ್ನುತ್ತಿದ್ದೆ. ನನ್ನನ್ನು ನಾನು ಬಲ್ಲೆ. ಒಂದು ಕಡೆ ಅಮ್ಮನ ಆಣೆ, ಇನ್ನೊಂದು ಕಡೆ ಈ ಅಪ್ಪ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದು ನೀನು, ಅಡಕೆ ಒಡೆದವನು ನಾನು. ಅವಳು ನಿಜ ಹೇಳಲು ಈ ಮನೆಯಲ್ಲಿ ಒಂದು ಕಿವಿಯೂ ಇರಲಿಲ್ಲ, ಫೋನಿನ ಆಚೆ ಒಂದು ಇತ್ತು. ದಿನಕ್ಕೆ ಹತ್ತು ನಿಮಿಷ ಅವಳಿಗೆ ನೋವು ಇದೆ ಅಂತ ಹೇಳಿಕೊಳ್ಳುವ ಸುಖ ಸಿಕ್ಕಿತಲ್ಲ, ಅದು ನಿನ್ನಿಂದ. ನೂರ ಅರವತ್ತೆಂಟು ದಿನದಲ್ಲಿ ಅವಳಿಗೆ ಸಿಕ್ಕ ಔಷಧ ಅದೊಂದೇ ಅಂತ ನಾನು ತಿಳಿದಿದ್ದೇನೆ. ಇದಕ್ಕೆ ಬೀರುವಿನ ಪಟ್ಟಿ ನೋಡಬೇಕಿಲ್ಲ.

ಪುಸ್ತಕ ಓದಿದ ಮಾರನೇ ದಿನ ಕಾಲೇಜಿಗೆ ಹೋಗಿ ಲೆಕ್ಕದ ಮೇಡಂ ಮುಂದೆ ಎಲ್ಲ ಹೇಳಿದೆ. ಸುಳ್ಳು ವಿಳಾಸ, ಕೆಟಲ್ಲು, ಚೀಟಿ, ಪೆನ್ನು ಹಿಡಿದದ್ದು, ಯಾವುದನ್ನೂ ಬಿಡಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ಸಿಲ್ಲು ಕಿವಿಯಿಂದ ತೆಗೆದು, ನನ್ನ ಎದುರಿಗೇ ಮೂವತ್ತೇಳು ಮತ್ತು ಮೂವತ್ತೆಂಟರ ಮೇಲೆ ಒಂದೊಂದು ಗೆರೆ ಎಳೆದರು. ಮೊನ್ನೆ ವರದಿಯ ಪ್ರತಿ ಕಳಿಸಿದ್ದಾರೆ. ಪೇಷೆಂಟ್ಸ್ ಥರ್ಟಿಸೆವೆನ್ ಅಂಡ್ ಥರ್ಟಿಯೆಯ್ಟ್ ವರ್ ಎಕ್ಸ್‌ಕ್ಲೂಡೆಡ್. ಲೆಕ್ಕದಿಂದ ಹೊರಗೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನನ್ನ ಪರೀಕ್ಷೆ ಕೆಡಬಾರದು ಅಂತ ಅವಳು ನೂರ ಅರವತ್ತೆಂಟು ದಿನ ಒಂದು ನೋವಿನ ಮಾತ್ರೆಯನ್ನೂ ಮುಟ್ಟದೆ, ಸ್ಕ್ಯಾನಿಗೆ ಹೋಗದೆ, ಏರು ರಸ್ತೆ ಹತ್ತಿ, ಹಲ್ಲು ಕಚ್ಚಿ ತಡೆದಳು. ನಾನು ಮಾಡಿದ ಕಳ್ಳತನದಿಂದ ಅವಳ ಒಂದು ದಿನವೂ ಲೆಕ್ಕಕ್ಕೆ ಬರಲಿಲ್ಲ. ಒಂದೇ ಒಂದು ದಿನವೂ ಇಲ್ಲ, ಗುಬ್ಬಿ.

ದರ್ಜಿಯ ಹತ್ತಿರವೂ ಹೋಗಿ ಹೇಳಿದೆ. ಅವನು ಕತ್ತರಿ ಕೆಳಗಿಟ್ಟು, "ಅಯ್ಯೋ, ಹಾಗಾದರೆ ಆ ಮಹಾತಾಯಿ ನಿಮ್ಮ ಹೆಂಡತಿಯಾ? ಮುಂಗೋಪಿ ಗಂಡ ಅಂದರೆ ನೀವೇನಾ?" ಅಂದ. ಆಮೇಲೆ ಬೇಸರದಿಂದ, "ನನ್ನನ್ನೂ ತೆಗೆದುಹಾಕಿದರಾ? ಒಂದು ದಿನ ತಪ್ಪಿಸಿರಲಿಲ್ಲ ಸ್ವಾಮಿ ನಾನು" ಅಂದ. ಕ್ಷಮೆ ಕೇಳಿದೆ. ಅವನು ನನ್ನ ಅಂಗಿಯ ಕಿತ್ತುಹೋದ ಗುಂಡಿ ನೋಡಿ, ಅಲ್ಲೇ ನಿಲ್ಲಿಸಿ ಹೊಲಿದುಕೊಟ್ಟ. ಕ್ಲಿನಿಕ್ಕಿಗೆ ನಾನೇ ಇನ್ನು ಬರುವುದಿಲ್ಲ ಅಂದೆ. ದೊಡ್ಡ ಡಾಕ್ಟರು ಬಾಗಿಲವರೆಗೆ ಬಂದರು, ತಡೆಯಲಿಲ್ಲ. ಈಗ ಅವರು ಯಾರಾದರೂ ಸೊಂಟ ಬೆನ್ನು ಅಂದರೆ ಗುಳಿಗೆಯ ಮಾತೆತ್ತುವ ಮೊದಲು ಸ್ಕ್ಯಾನಿಗೆ ಬರೆದುಕೊಡುತ್ತಾರಂತೆ.

ಒಂದು ಮುಖ್ಯ ವಿಷಯ. ನನ್ನ ಎರಡು ಕಾಲಂ ಹಾಳೆಯನ್ನು ಲೆಕ್ಕದ ಮೇಡಂಗೆ ತೋರಿಸಿದೆ. ಎರಡೂ ಕಾಲಂನ ಒಂದೊಂದು ಅಂಕಿಯ ಮೇಲೂ ಪೆನ್ಸಿಲ್ಲು ಓಡಿಸಿದರು. ಆಮೇಲೆ, "ಇವರೊಬ್ಬರೇ ಅಂತ ನನಗೆ ಹೇಗೆ ಗೊತ್ತು? ಉಳಿದ ಎಪ್ಪತ್ತೆಂಟು ಜನರೂ ಔಷಧ ಕೊಟ್ಟವರ ಮುಖ ನೋಡಿ ಎಷ್ಟೆಷ್ಟು ಕಡಿಮೆ ಬರೆದಿದ್ದಾರೋ" ಅಂದರು. ಮುಂದಿನ ಪರೀಕ್ಷೆಗಳಲ್ಲಿ ಕಾರ್ಡು ಔಷಧ ಕೊಡುವವನ ಕೈಗೆ, ಮನೆಯವರ ಕೈಗೆ ಹೋಗಬಾರದು, ರೋಗಿಯೇ ಬರೆದು ಮುಚ್ಚಿದ ಲಕೋಟೆಯಲ್ಲಿ ಹಾಕಬೇಕು ಅಂತ ಈಗಾಗಲೇ ನಿಯಮ ಬರೆದಿದ್ದಾರೆ. ನೀವಿಬ್ಬರೂ ಒಪ್ಪಿದರೆ ಈ ಎರಡು ಕಾಲಂಗಳನ್ನು ಒಂದು ಪುಟದ ಟಿಪ್ಪಣಿಯಾಗಿ ಬೇರೆಯಾಗಿ ಅಚ್ಚು ಹಾಕಿಸುತ್ತೇನೆ ಅಂದರು. ಹೆಸರು ಇರುವುದಿಲ್ಲ, ಊರು ಇರುವುದಿಲ್ಲ. ದಿನ, ನನ್ನ ಅಂಕಿ, ನಿನ್ನ ಅಂಕಿ. ಹಾಗಾದರೂ ಅವಳ ದಿನಗಳು ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಬರುತ್ತವೆ. ಒಪ್ಪಿಗೆಯ ಹಾಳೆ ಇದರ ಜೊತೆ ಇಟ್ಟಿಲ್ಲ; ಡ್ರಾಯರಿನಲ್ಲಿ ನಿನ್ನ ಪುಸ್ತಕದೊಳಗಿದೆ. ಎರಡು ಸಹಿ ಬೇಕು. ನನ್ನದು ಹಾಕಿದ್ದೇನೆ. ಪುಸ್ತಕ ನಿನ್ನದು, ನಿಜ ಬರೆದವಳು ನೀನು, ಕೊಡುವುದೂ ಬಿಡುವುದೂ ನಿನ್ನ ಮನಸ್ಸು. ಬೇಡ ಅಂದರೆ ಆ ಹಾಳೆ ಅಲ್ಲೇ ಇರುತ್ತದೆ, ನಾನು ಮತ್ತೆ ಕೇಳುವುದಿಲ್ಲ.

ಅವಳು ಕೊನೆಯ ವಾರ ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿ ಏನೋ ಅಂದಳಲ್ಲ, ನೀನು ನೀರು ತರಲು ಎದ್ದಾಗ, ಅದನ್ನೂ ನಿನಗೆ ಹೇಳಬೇಕು ಅಂತಿದ್ದೆ. ಅವಳು ಹೇಳಿದ್ದು… ಇರು, ಅಕ್ಷರ ಕಾಣುತ್ತಿಲ್ಲ. ಕಿಟಕಿಯ ಬೆಳಕು ಹೋಗುತ್ತಿದೆ, ಗಮನಿಸಿಯೇ ಇರಲಿಲ್ಲ. ಈ ಕೋಣೆಯ ಬಲ್ಬು ಸುಟ್ಟು ಮೂರು ವಾರವಾಯಿತು, ಸ್ಟೂಲು ಹತ್ತಿ ಹಾಕಬೇಕು, ಹತ್ತಿಲ್ಲ. ಅವಳು ಹೇಳಿದ್ದು ಬಹಳ ಚಿಕ್ಕದು. "ಅವಳು ಕೇಳಿದರೆ ನಿಜ ಹೇಳಿ" ಅಂತ. ಯಾವುದರ ನಿಜ ಅಂತ ಆಗ ನನಗೆ ತಿಳಿಯಲಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ, ಸಾಲಿನ ಮೇಲೆ ಸಾಲು ಹತ್ತುತ್ತಿದೆ.

ಕೆಮ್ಮಿಗೆ ಬಿಸಿನೀರು ಕುಡಿ. ಕಾಲು ಮೇಲಿಟ್ಟು ಮಲಗು. ನಿನ್ನ ಜೊತೆ ಕೋಣೆಯಲ್ಲಿರುವ ಆ ನಗುಮೊಗದ ಹುಡುಗಿಗೆ ನಾನು ಕೇಳಿದೆ ಅಂತ ಹೇಳು. ಎಲ್ಲಿದ್ದರೂ ನೂರು ವರ್ಷ ಸುಖವಾಗಿರು, ಮಗಳೇ.

ನಿನ್ನ
ಅಪ್ಪ

ಮರೆತಿದ್ದೆ: ಮೇಲೆ ಎಲ್ಲೋ ನಾನು ಚೆನ್ನಾಗಿದ್ದೇನೆ, ನಿದ್ದೆ ಬರುತ್ತದೆ, ನೋವು ಏನೂ ಇಲ್ಲ ಅಂತ ಬರೆದಿದ್ದೇನೆ. ಹುಡುಕಿ ಹೊಡೆದುಹಾಕಲು ಬೆಳಕಿಲ್ಲ, ನೀನೇ ಗೆರೆ ಎಳೆದುಬಿಡು. ಸ್ಟೂಲು ಹತ್ತಲಾಗುತ್ತಿಲ್ಲ. ಸೊಂಟದ ಎಡಗಡೆ, ಎರಡು ತಿಂಗಳಿಂದ, ಯಾರಿಗೂ ಹೇಳಿಲ್ಲ. ಅದಕ್ಕೆ ಏಳು. ಉಳಿದದ್ದು, ಸಂಜೆ ಏಳು ಗಂಟೆಗೆ ಆ ಕುರ್ಚಿ ಖಾಲಿ ಇರುತ್ತದಲ್ಲ, ಅದಕ್ಕೆ ಒಂಬತ್ತು. ಏಳೂ ಕಾಲಿಗೆ ಫೋನ್ ಮಾಡಿ ಎಷ್ಟು ಅಂತ ಕೇಳು. ನಿಜ ಹೇಳುತ್ತೇನೆ.